ನಾಲ್ಕು ತೂತು, ನಾಲ್ಕು ಸ್ಕ್ರೂ

ಮಕ್ಕಳೇ, ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದರ ಮಾನಿಟರಿನ ಮುಖವನ್ನು ನೀವು ದಿನಾ ನೋಡುತ್ತೀರಿ. ಅದರ ಬೆನ್ನನ್ನು ಎಂದಾದರೂ ನೋಡಿದ್ದೀರಾ? ಈ ಭಾನುವಾರ ಒಮ್ಮೆ ನೋಡಿ. ಹೆಚ್ಚಿನ ಮಾನಿಟರುಗಳ ಬೆನ್ನಿನ ನಡುವೆ, ಒಂದು ಚೌಕದ ನಾಲ್ಕು ಮೂಲೆಗಳ ಹಾಗೆ, ನಾಲ್ಕು ಸಣ್ಣ ತೂತುಗಳಿರುತ್ತವೆ. ಕೆಲವದರಲ್ಲಿ ಅವಕ್ಕೆ ಪುಟ್ಟ ಮುಚ್ಚಳ ಹಾಕಿರುತ್ತಾರೆ. ಕೆಲವದರಲ್ಲಿ ಸ್ಟ್ಯಾಂಡಿನ ಕತ್ತು ಅವನ್ನು ಮರೆ ಮಾಡಿರುತ್ತದೆ, ಸ್ಟ್ಯಾಂಡ್ ಬಿಚ್ಚಿದಾಗ ಕಾಣುತ್ತವೆ. ತೂತೇ ಇಲ್ಲದ ಮಾನಿಟರುಗಳೂ ಉಂಟು. ಅಂಥವನ್ನು ಹಾಗೆಯೇ ಬಿಟ್ಟುಬಿಡಿ, ಡ್ರಿಲ್ಲಿಂಗ್ ಮಷೀನ್ ತಂದು ತೂತು ಕೊರೆಯಲು ಹೋಗಬೇಡಿ.

ಮಾನಿಟರನ್ನು ಸ್ಟ್ಯಾಂಡಿನಿಂದ ಬಿಡಿಸಿ, ಬೇಕಾದ ಎತ್ತರಕ್ಕೆ ಏರಿಸಿ ಇಳಿಸಬಲ್ಲ ಕಬ್ಬಿಣದ ತೋಳಿಗೆ ಜೋಡಿಸುವುದಕ್ಕಾಗಿ ಈ ತೂತುಗಳನ್ನು ಇಟ್ಟಿದ್ದಾರೆ. ಆ ತೋಳನ್ನು ಅಂಗಡಿಯಲ್ಲಿ ಮಾನಿಟರ್ ಆರ್ಮ್ ಎನ್ನುತ್ತಾರೆ. ಮೇಜಿನ ಅಂಚಿಗೆ ಕ್ಲಾಂಪಿನಿಂದ ಕಚ್ಚಿಸಿ ನಿಲ್ಲಿಸುವಂಥದ್ದು.

ಇದೆಲ್ಲ ನಮ್ಮಂಥವರ ಮನೆಗೆ ಯಾಕೆ ಬೇಕು ಎಂದು ತಾತ, ಅಜ್ಜಿ ಕೇಳಬಹುದು. ನಮ್ಮ ಮಂಡ್ಯದ ಬಹಳ ಮನೆಗಳಲ್ಲಿ ಈಗ ಒಂದೇ ಕಂಪ್ಯೂಟರಿಗೆ ಮೂರು ತಲೆಮಾರಿನವರು ಕೂರುತ್ತಾರೆ. ಹಗಲು ಸೊಸೆ ಬೆಂಗಳೂರಿನ ಕಂಪನಿಯ ಕೆಲಸ ಮಾಡುತ್ತಾಳೆ. ಸಂಜೆ ಮೊಮ್ಮಗಳು ಪಾಠ ನೋಡುತ್ತಾಳೆ. ರಾತ್ರಿ ತಾತ ಪಹಣಿಯನ್ನೋ ಹಳೆಯ ಸಿನಿಮಾವನ್ನೋ ಹುಡುಕುತ್ತಾರೆ. ಮೂವರ ಕಣ್ಣಿನ ಎತ್ತರವೂ ಬೇರೆ. ಪರದೆಯ ಮೇಲಿನ ಅಂಚು ಕೂತವರ ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ ಇದ್ದರೆ ಕತ್ತಿಗೆ ಹಿತ. ಪರದೆ ಸುಮಾರು ಒಂದು ಕೈಯಳತೆ ದೂರ ಇರಬೇಕು. ನಮ್ಮಂತೆ ಬೈಫೋಕಲ್ ಕನ್ನಡಕ ಹಾಕುವವರಿಗೆ ಇನ್ನೂ ಕೆಳಗೆ ಬೇಕು, ಇಲ್ಲವಾದರೆ ಕೆಳಗಾಜಿನಿಂದ ಓದಲು ಗದ್ದ ಎತ್ತಿ ಎತ್ತಿ ಕತ್ತು ಹಿಡಿದುಕೊಳ್ಳುತ್ತದೆ. ಹಳೆಯ ಪಂಚಾಂಗ, ಡಿಕ್ಷನರಿ ಪೇರಿಸಿ ಮಾನಿಟರನ್ನು ಎತ್ತರಿಸುವುದು ಒಬ್ಬರಿಗೆ ಸರಿ, ಮೂವರಿಗೆ ಅಲ್ಲ. ತೋಳು ಇದ್ದರೆ ಬೆರಳಲ್ಲಿ ಒತ್ತಿ ಇಳಿಸಬಹುದು, ಎತ್ತಬಹುದು.

ತೋಳು ಕೊಳ್ಳುವುದು ಸುಲಭ, ಈಗ ಪಾರ್ಸೆಲ್ಲಿನಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಕೆಲಸ ಕೆಡುವುದು ಅದರ ಜೊತೆ ಬರುವ ನಾಲ್ಕು ಸ್ಕ್ರೂಗಳಲ್ಲಿ.

ಮಳವಳ್ಳಿ ಕಡೆಯ ನಮ್ಮ ನೆಂಟರೊಬ್ಬರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಕಬ್ಬಿನ ದುಡ್ಡು ಕೈಗೆ ಬಂದಾಗ ಮಗಳ ಓದಿಗೆಂದು ಮಾನಿಟರ್ ತಂದಿದ್ದರು. ಹುಡುಗಿ ಎರಡನೇ ಪಿಯುಸಿ. ಆಮೇಲೆ ತೋಳೂ ಬಂತು. ಆ ಮಾನಿಟರಿನ ತೂತುಗಳು ಬೆನ್ನಿನ ಮಟ್ಟದಲ್ಲಿರಲಿಲ್ಲ, ಒಂದು ಗುಳಿಯೊಳಗೆ ಸುಮಾರು 5 ಮಿಲಿಮೀಟರ್ ಆಳದಲ್ಲಿದ್ದವು. ಪೊಟ್ಟಣದಲ್ಲಿದ್ದ ಸ್ಕ್ರೂ ಕಚ್ಚಲಿಲ್ಲ. ಜೋಡಿಸಲು ಬಂದಿದ್ದ ಹುಡುಗ ತನ್ನ ಡಬ್ಬಿಯಿಂದ 25 ಮಿಲಿಮೀಟರ್ ಉದ್ದದ ಸ್ಕ್ರೂ ತೆಗೆದ. 'ಉದ್ದ ಇದ್ದಷ್ಟೂ ಗಟ್ಟಿ ಕಣಕ್ಕ, ನೀವು ಸುಮ್ಕಿರಿ' ಅಂದ. ಕೈಗೆ ಬಿಗಿಯಾಗಿ ಬಂದರೂ ಬಿಡದೆ ತಿರುಗಿಸಿದ. ಸ್ವಿಚ್ ಹಾಕಿದಾಗ ಪರದೆಯ ನಡುವೆ ಕಪ್ಪು ಮಚ್ಚೆ, ಅದರಿಂದ ಮೇಲಕ್ಕೂ ಕೆಳಕ್ಕೂ ಬಣ್ಣಬಣ್ಣದ ಗೆರೆ.

ಲೆಕ್ಕ ಹಾಕಿ ನೋಡಿ. ಸ್ಕ್ರೂ 25. ತೋಳಿನ ತಟ್ಟೆಯ ದಪ್ಪ 3. ಗುಳಿ 5. ಎರಡನ್ನೂ ಕಳೆದರೆ 17 ಉಳಿಯಿತು. ಆ ತೂತಿನ ಆಳ ಇದ್ದದ್ದು 10. ಮಿಕ್ಕ 7 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಮಾನಿಟರಿನ ಒಳಗೆ, ಪರದೆಯ ಹಿಂಬದಿಗೆ. ಬಿಚ್ಚಿ ನೋಡಿದ ಮೆಕ್ಯಾನಿಕ್ಕು ಸ್ಕ್ರೂವಿನ ಮೂತಿ ಒತ್ತಿದ ಗುರುತನ್ನು ತೋರಿಸಿದ. ಹೊಸ ಪರದೆ ಹಾಕಿಸುವ ಖರ್ಚು ಹೊಸ ಮಾನಿಟರಿನ ಬೆಲೆಗೇ ಹತ್ತಿರ. ಆ ಹುಡುಗಿ ಪರೀಕ್ಷೆ ಮುಗಿಯುವವರೆಗೆ ಅಪ್ಪನ ಮೊಬೈಲಿನ ಪುಟ್ಟ ಪರದೆಯಲ್ಲಿ ಪಾಠ ನೋಡಿಕೊಂಡಳು. ಸ್ಕ್ರೂವಿಗೆ ತಗುಲಿದ್ದು ಒಂದೆರಡು ರೂಪಾಯಿ, ಅದು ಹಾಳು ಮಾಡಿದ್ದು ಒಂದು ಬೆಳೆಯ ದುಡ್ಡಿನ ಪಾಲನ್ನು.

ಆದ್ದರಿಂದ ಬಿಗಿಯುವ ಮೊದಲು ಅಳೆಯಬೇಕು. ಅಳೆಯಲು ದೊಡ್ಡ ಉಪಕರಣ ಬೇಡ. ನಿಮ್ಮ ಜಾಮಿಟ್ರಿ ಬಾಕ್ಸಿನ ಸ್ಕೇಲು, ಪೊರಕೆಯ ಒಂದು ಕಡ್ಡಿ, ಪೆನ್ಸಿಲ್ ಸಾಕು.

ಮೊದಲನೆಯ ಅಳತೆ ತೂತಿನಿಂದ ತೂತಿಗೆ ಇರುವ ದೂರ. ಒಂದು ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ ಅಳೆಯಿರಿ. ಅಂಚಿನಿಂದ ಅಂಚಿಗೆ ಅಳೆದರೆ ತಪ್ಪು ಬರುತ್ತದೆ. ಮೇಜಿನ ಮೇಲಿನ ಮಾನಿಟರಾದರೆ ಉತ್ತರ ಸಾಮಾನ್ಯವಾಗಿ 100 ಮಿಲಿಮೀಟರ್ ಅಥವಾ 75 ಮಿಲಿಮೀಟರ್. ಸ್ಟ್ಯಾಂಡಿನ ಬುಡ ಅಡ್ಡ ಬಂದು ಪಕ್ಕಕ್ಕೆ ಅಳೆಯಲಾಗದಿದ್ದರೆ ಮೂಲೆಯಿಂದ ಮೂಲೆಗೆ ಅಳೆಯಿರಿ. ಪೈಥಾಗೊರಸ್ ಪ್ರಮೇಯ ಓದಿದವರಿಗೆ ಮಿಕ್ಕದ್ದು ಗೊತ್ತು. 100ರ ಚೌಕದ ಕರ್ಣ ಸುಮಾರು 141, 75ರ ಚೌಕದ ಕರ್ಣ ಸುಮಾರು 106. ಹೆಚ್ಚಿನ ತೋಳುಗಳ ತಟ್ಟೆಯಲ್ಲಿ ಈ ಎರಡು ಅಳತೆಗೂ ತೂತುಗಳಿರುತ್ತವೆ.

ಮಾನಿಟರ್ ಒಂದು ಕಂಪನಿಯದು, ತೋಳು ಇನ್ನೊಂದು ಕಂಪನಿಯದು. ಆದರೂ ಎರಡರ ತೂತುಗಳೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವಲ್ಲ, ಹೇಗೆ? ಅಳತೆಯನ್ನು ಮೊದಲೇ ಕೂತು ಮಾತಾಡಿಕೊಂಡಿದ್ದಾರೆ. ಕಂಪ್ಯೂಟರ್ ಪರದೆಗೆ ಸಂಬಂಧಿಸಿದ ಕಂಪನಿಗಳು 1989ರಲ್ಲಿ ವೆಸಾ ಎಂಬ ಸಂಘ ಕಟ್ಟಿಕೊಂಡವು. ಚಪ್ಪಟೆ ಪರದೆಗಳನ್ನು ಜೋಡಿಸುವ ತೂತುಗಳ ಒಪ್ಪಂದ 1997ರಲ್ಲಿ ಬಂತು. ಅದಕ್ಕೇ ಪೆಟ್ಟಿಗೆಯ ಮೇಲೆ 'ವೆಸಾ 100 x 100' ಎಂದು ಬರೆದಿರುತ್ತಾರೆ. ಆ ಒಪ್ಪಂದದ ಪ್ರಕಾರ 75ರ ಚೌಕ 8 ಕಿಲೋವರೆಗಿನ ಪರದೆಗೆ, 100ರ ಚೌಕ 14 ಕಿಲೋವರೆಗಿನ ಪರದೆಗೆ. ಎರಡಕ್ಕೂ ಸ್ಕ್ರೂ ಒಂದೇ, ಅದರ ಹೆಸರು ಎಂ4. ಗೋಡೆಗೆ ಹಾಕುವ ದೊಡ್ಡ ಟಿವಿಗಳ ಲೆಕ್ಕ ಬೇರೆ. ಅವುಗಳ ತೂತುಗಳ ನಡುವೆ ದೂರ ಹೆಚ್ಚು, ಸ್ಕ್ರೂ ಕೂಡ ಎಂ6 ಅಥವಾ ಎಂ8.

ಎಂ4 ಎಂದರೆ ಏನು? ಎಂ ಎಂದರೆ ಮೆಟ್ರಿಕ್. 4 ಎಂದರೆ ಸ್ಕ್ರೂವಿನ ಮೈದಪ್ಪ 4 ಮಿಲಿಮೀಟರ್. ಅದರ ಮೈಮೇಲಿನ ಸುರುಳಿ ಗೀರನ್ನು ಮರೆ ಎನ್ನುತ್ತಾರೆ. ಎಂ4ರಲ್ಲಿ ಒಂದು ಮರೆಗೂ ಮುಂದಿನ ಮರೆಗೂ ಅಂತರ 0.7 ಮಿಲಿಮೀಟರ್. ಹಾಗೆಂದರೆ ಸ್ಕ್ರೂವನ್ನು ಒಂದು ಸುತ್ತು ತಿರುಗಿಸಿದರೆ ಅದು 0.7 ಮಿಲಿಮೀಟರ್ ಒಳಗೆ ಹೋಗುತ್ತದೆ. ಹತ್ತು ಸುತ್ತಿಗೆ 7 ಮಿಲಿಮೀಟರ್. ಸುತ್ತು ಎಣಿಸುತ್ತಾ ಹೋದರೆ ಸ್ಕ್ರೂ ಎಷ್ಟು ಒಳಗಿದೆ ಎಂಬುದು ಹೊರಗೆ ಕೂತೇ ತಿಳಿಯುತ್ತದೆ.

ಅಂಗಡಿಯಲ್ಲಿ ಇನ್ನೊಂದು ಸ್ಕ್ರೂ ಇರುತ್ತದೆ, ಇಂಚಿನ ಲೆಕ್ಕದ್ದು. ಇಂಚಿನ 32 ಭಾಗದಲ್ಲಿ 5 ಭಾಗ ದಪ್ಪ. ಅದು 3.97 ಮಿಲಿಮೀಟರ್ ಆಗುತ್ತದೆ, ಎಂ4ರ ಪಕ್ಕ ಇಟ್ಟರೆ ಅವಳಿ ಜವಳಿ ಅನ್ನಿಸುತ್ತದೆ. ಆದರೆ ಅದರ ಮರೆ ಇಂಚಿಗೆ 32. 25.4 ಅನ್ನು 32ರಿಂದ ಭಾಗಿಸಿದರೆ ಒಂದು ಸುತ್ತಿಗೆ 0.79 ಮಿಲಿಮೀಟರ್. ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಮರೆಗೆ ಮರೆ ತಾಗಿ ಬಿಗಿಯಾಗುತ್ತದೆ. ಗಟ್ಟಿಯಾಗಿ ಕೂತಿತು ಎಂದು ತಿಳಿದು ಬಲ ಹಾಕಿದರೆ ಒಳಗಿನ ಮರೆ ಸವೆದು ಹೋಗುತ್ತದೆ. ಆಮೇಲೆ ಸರಿಯಾದ ಸ್ಕ್ರೂ ತಂದರೂ ಹಿಡಿಯುವುದಿಲ್ಲ.

ತಾತಂದಿರಿಗೆ ಈ ಎರಡು ಲೆಕ್ಕದ ತಾಪತ್ರಯ ಹೊಸದಲ್ಲ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಾಗ ಹದಿನಾರಾಣೆಯ ರೂಪಾಯಿ ನೂರು ಪೈಸೆಯ ರೂಪಾಯಿ ಆಯಿತು. ನಾಲ್ಕಾಣೆ ಅಂದರೆ 25, ಎಂಟಾಣೆ ಅಂದರೆ 50, ಅಲ್ಲಿಯವರೆಗೆ ಸರಿ. ಒಂದಾಣೆ ಅಂದರೆ ಎಷ್ಟು? 6 ಪೈಸೆಯೂ ಅಲ್ಲ, 7 ಪೈಸೆಯೂ ಅಲ್ಲ, 6.25. ಆ ಕಾಲು ಪೈಸೆಗೆ ಅಂಗಡಿಗಳಲ್ಲಿ ಎಷ್ಟೋ ವಾದ ನಡೆಯುತ್ತಿತ್ತು. ಬೆಸ ಲೆಕ್ಕಗಳೆರಡನ್ನು ಬಲವಂತಕ್ಕೆ ಕೂಡಿಸಲು ಹೋದರೆ ಎಲ್ಲೋ ಒಂದು ಕಡೆ ಉಳಿಕೆ ಬಂದೇ ಬರುತ್ತದೆ. ಸ್ಕ್ರೂವಿನಲ್ಲೂ ಅದೇ ಕಥೆ. ಹಿಂದೆ ಒಂದೊಂದು ಕಾರ್ಖಾನೆಯ ಬೋಲ್ಟಿಗೆ ಒಂದೊಂದು ಮರೆ ಇರುತ್ತಿತ್ತು. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ಎಲ್ಲರಿಗೂ ಒಂದೇ ಮರೆ ಇರಲಿ ಎಂದು ಇಂಚಿನ ಲೆಕ್ಕದ ಅಳತೆಗಳನ್ನು ಗೊತ್ತು ಮಾಡಿದ. ಆ ಇಂಚಿನ ಸ್ಕ್ರೂ ಅವನ ಸಂತತಿ. ಎಂ4 ಮೆಟ್ರಿಕ್ ಮನೆತನದ್ದು. ಎರಡೂ ಒಳ್ಳೆಯವೇ, ಆದರೆ ಒಂದರ ತೂತಿಗೆ ಇನ್ನೊಂದು ಸಲ್ಲದು.

ಸರಿಯಾದ ಸ್ಕ್ರೂ ಯಾವುದೆಂದು ತಿಳಿಯುವ ಉಪಾಯ ಬೆರಳಿನಲ್ಲೇ ಇದೆ. ಮೊದಲ ನಾಲ್ಕೈದು ಸುತ್ತನ್ನು ಸ್ಕ್ರೂಡ್ರೈವರ್ ಇಲ್ಲದೆ ಬರಿಬೆರಳಲ್ಲಿ ತಿರುಗಿಸಿ. ಎಂ4 ಆಗಿದ್ದು ನೇರವಾಗಿದ್ದರೆ ಸಲೀಸಾಗಿ ಹೋಗುತ್ತದೆ. ಬೆರಳಿಗೆ ಬಗ್ಗದ್ದನ್ನು ಸ್ಕ್ರೂಡ್ರೈವರಿಗೆ ಒಪ್ಪಿಸಬೇಡಿ. ಚೂಪು ಮೂತಿಯ ಮರದ ಸ್ಕ್ರೂವನ್ನಂತೂ ಹತ್ತಿರ ತರಲೇಬೇಡಿ.

ಎರಡನೆಯ ಅಳತೆ ಆಳ. ಮೊದಲು ಮಾನಿಟರಿನ ಜೊತೆ ಬಂದ ಪುಸ್ತಿಕೆ ನೋಡಿ. ಅದರಲ್ಲಿ ಸ್ಕ್ರೂವಿನ ಉದ್ದವನ್ನು ಬರೆದಿದ್ದರೆ ಅದೇ ಅಂತಿಮ. ಪುಸ್ತಿಕೆ ಕಳೆದಿದ್ದರೆ ಮಾನಿಟರಿನ ವೈರ್ ಕಿತ್ತು, ಪೊರಕೆ ಕಡ್ಡಿಯನ್ನು ತೂತಿಗೆ ಮೆಲ್ಲಗೆ ಬಿಡಿ. ತಡೆದಲ್ಲಿ ನಿಲ್ಲಿಸಿ, ತೂತಿನ ಬಾಯಿಗೆ ಸರಿಯಾಗಿ ಪೆನ್ಸಿಲ್ ಗುರುತು ಹಾಕಿ, ಹೊರಗೆ ತೆಗೆದು ಸ್ಕೇಲಿನಲ್ಲಿ ಅಳೆಯಿರಿ. ಒತ್ತಬಾರದು. ಸೂಜಿ, ತಂತಿ ಬೇಡ. ಕಡ್ಡಿ ಎಲ್ಲೂ ತಡೆಯದೆ ಹೋಗುತ್ತಲೇ ಇದ್ದರೆ ಆ ತೂತಿಗೆ ತಳವಿಲ್ಲ ಎಂದು ಅರ್ಥ. ಅಂಥ ಮಾನಿಟರಿಗೆ ಅಳತೆ ಇನ್ನೂ ಮುಖ್ಯ, ತಿಳಿದವರನ್ನು ಕೇಳಿ ಮುಂದುವರಿಯಿರಿ.

ಈಗ ಲೆಕ್ಕ. ಆಳ 10 ಮಿಲಿಮೀಟರ್ ಬಂತು ಎನ್ನಿ. ಅದರಲ್ಲಿ 2 ಬಿಡಿ, ತಳ ಮುಟ್ಟದಿರಲಿ. ಉಳಿದದ್ದು 8. ತೋಳಿನ ತಟ್ಟೆಯ ದಪ್ಪ 3. ಕೂಡಿದರೆ 11. ಅಂಗಡಿಯಲ್ಲಿ 10 ಇದೆ, 12 ಇದೆ, 11 ಸಿಗುವುದಿಲ್ಲ. ಯಾವುದನ್ನು ತರುತ್ತೀರಿ? 10ನ್ನು. ತಟ್ಟೆಯ 3 ಕಳೆದು 7 ಮಿಲಿಮೀಟರ್ ಒಳಗೆ ಹೋಗುತ್ತದೆ, ಅಂದರೆ ಸರಿಯಾಗಿ ಹತ್ತು ಸುತ್ತು. ಅಷ್ಟು ಧಾರಾಳ ಸಾಕು. ತೀರಾ ಗಿಡ್ಡವೂ ಆಗಬಾರದು. ಕಡಿಮೆಯೆಂದರೂ ಆರು ಸುತ್ತಾದರೂ ಕಚ್ಚಿರಬೇಕು. ಎರಡೇ ಸುತ್ತು ಹಿಡಿದ ಸ್ಕ್ರೂ ಇವತ್ತು ನಿಲ್ಲುತ್ತದೆ, ಮಗು ತೋಳನ್ನು ಎಳೆದ ದಿನ ಕಿತ್ತು ಬರುತ್ತದೆ.

ಮಳವಳ್ಳಿಯ ಮಾನಿಟರಿನ ಹಾಗೆ ತೂತು ಗುಳಿಯಲ್ಲಿದ್ದರೆ ಸ್ಪೇಸರ್ ಬೇಕು. ಸ್ಪೇಸರ್ ಎಂದರೆ ಒಂದು ಪುಟ್ಟ ಕೊಳವೆ. ಗುಳಿಯ ಆಳದಷ್ಟೇ ಉದ್ದದ ನಾಲ್ಕು ಕೊಳವೆಗಳನ್ನು ನಾಲ್ಕು ತೂತಿನ ಮೇಲೆ ನಿಲ್ಲಿಸಿ, ಅವುಗಳ ಮೇಲೆ ತಟ್ಟೆ ಕೂರಿಸಿ, ಕೊಳವೆಯೊಳಗಿನಿಂದ ಸ್ಕ್ರೂ ಬಿಡುತ್ತಾರೆ. ಆಗ ಸ್ಕ್ರೂ ಎಷ್ಟು ಉದ್ದವಾಗಬೇಕು? ಮೊದಲಿನ ಲೆಕ್ಕಕ್ಕೆ ಕೊಳವೆಯ ಉದ್ದವನ್ನು ಕೂಡಿಸಿದಷ್ಟು, ಒಂದು ಕೂದಲೂ ಹೆಚ್ಚಿಲ್ಲ. ಕೆಲವೊಮ್ಮೆ ವಾಷರ್ ಕೂಡ ಹಾಕುತ್ತಾರೆ. ವಾಷರ್ ಎಂದರೆ ಮಧ್ಯೆ ತೂತಿರುವ ಬಿಲ್ಲೆ, ಉದ್ದಿನ ವಡೆಯ ಹಾಗೆ. ನಮ್ಮ ಮದ್ದೂರು ವಡೆಯ ಹಾಗಲ್ಲ, ಅದಕ್ಕೆ ತೂತಿಲ್ಲ! ವಾಷರಿನ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಅಂಗಡಿಗೆ ಹೋಗುವಾಗ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಂಡ್ಯದ ಪೇಟೆ ಬೀದಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ 'ಮಾನಿಟರಿಗೆ ಸ್ಕ್ರೂ ಕೊಡಿ' ಎಂದವರಿಗೆ ಅಂಗಡಿಯಾತ, 'ನಮ್ಮಂಗಡೀಲಿ ಸ್ಕ್ರೂಗೇನ್ ಬರ ಬಂದದಾ ಸಾ? ಯಾವುದು ಅಂತ ಯೋಳಿ' ಎಂದದ್ದನ್ನು ಕೇಳಿದ್ದೇನೆ. ಅವನ ಮಾತು ನ್ಯಾಯವೇ. 'ಎಂ4, 10 ಎಂಎಂ ಉದ್ದ, ಮಷೀನ್ ಸ್ಕ್ರೂ, ಚಪ್ಪಟೆ ಬುಡದ ತಲೆ' ಎಂದು ಹೇಳಿ. ಒಂದು ಎಂ4 ನಟ್ಟನ್ನು ಅಲ್ಲೇ ಕೇಳಿ ಪಡೆದು, ಪ್ರತಿ ಸ್ಕ್ರೂವಿಗೂ ಬೆರಳಲ್ಲಿ ತಿರುಗಿಸಿ ನೋಡಿ ತನ್ನಿ. ಮಿಕ್ಕ ಸ್ಕ್ರೂ, ಸ್ಪೇಸರುಗಳನ್ನು ಬಿಸಾಡದೆ ಹಳೆಯ ಲಗ್ನಪತ್ರಿಕೆಯ ಕವರಿಗೆ ಹಾಕಿ, ಮೇಲೆ 'ಮಾನಿಟರ್' ಎಂದೂ ತಾರೀಕನ್ನೂ ಬರೆದಿಡಿ. ಬ್ಯಾಂಕಿನಲ್ಲಿ ವೋಚರ್ ಕಟ್ಟಿಡುತ್ತಿದ್ದ ನನ್ನಂಥವರಿಗೆ ಇದು ರೂಢಿ. ನಿಮಗೂ ಆಗಲಿ.

ಮೂರನೆಯ ಅಳತೆ ತೂಕ. ತೋಳಿನ ಪೆಟ್ಟಿಗೆಯ ಮೇಲೆ ಅದು ಎಷ್ಟು ಕಿಲೋದಿಂದ ಎಷ್ಟು ಕಿಲೋವರೆಗೆ ಹೊರುತ್ತದೆ ಎಂದು ಬರೆದಿರುತ್ತದೆ. ಸ್ಟ್ಯಾಂಡ್ ಬಿಚ್ಚಿದ ಮಾನಿಟರಿನ ತೂಕ ಆ ಎರಡರ ನಡುವೆ ಬರಬೇಕು. ಹೆಚ್ಚಿದ್ದರೆ ತೋಳು ಬಾಗುತ್ತದೆ ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಸ್ಪ್ರಿಂಗ್ ತೋಳಾದರೆ ಕಡಿಮೆ ಇದ್ದರೂ ತೊಂದರೆ, ಮಾನಿಟರನ್ನು ಎತ್ತಿಕೊಂಡು ಮೇಲಕ್ಕೇ ಹೋಗಿ ನಿಲ್ಲುತ್ತದೆ. ಮಾನಿಟರ್ ಹಾಕದ ಸ್ಪ್ರಿಂಗ್ ತೋಳು ರಪ್ಪನೆ ಮೇಲೇಳಬಹುದು. ಜೋಡಿಸುವಾಗ ಮುಖ ಅದರ ಹತ್ತಿರ ತರಬೇಡಿ.

ಮೇಜಿನ ಕಡೆಗೂ ಗಮನ ಕೊಡಿ. ಕಬ್ಬಿನ ಗಾಡಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಭಾರವನ್ನು ತೀರಾ ಹಿಂದಕ್ಕೆ ಹೇರಿದರೆ ಗಾಡಿಯ ಮೂಕಿ ಮೇಲೇಳುತ್ತದೆ. ಭಾರ ಅಷ್ಟೇ, ದೂರ ಹೆಚ್ಚಿದಂತೆ ಅದರ ಜೋರು ಹೆಚ್ಚು. ತೋಳನ್ನು ಪೂರಾ ಚಾಚಿದಾಗ ನಾಲ್ಕು ಕಿಲೋ ಮಾನಿಟರ್ ಕೂಡ ಕ್ಲಾಂಪ್ ಕಚ್ಚಿದ ಅಂಚನ್ನು ಮುರಿಯುವಷ್ಟು ಎಳೆಯಬಲ್ಲದು. ಗಟ್ಟಿ ಮರದ ಹಲಗೆಯಾದರೆ ಭಯವಿಲ್ಲ. ಪುಡಿಮರವನ್ನು ಒತ್ತಿ ಮಾಡಿದ ಹಲಗೆಯಾದರೆ ಮೇಲೊಂದು ಕೆಳಗೊಂದು ಅಗಲ ತಗಡು ಇಟ್ಟು ಕ್ಲಾಂಪ್ ಬಿಗಿಯಿರಿ. ಗಾಜಿನ ಮೇಜಿಗೆ ಹಾಕಲೇಬೇಡಿ.

ಇನ್ನು ಜೋಡಣೆ. ಹಾಸಿಗೆಯ ಮೇಲೆ ಮಡಿಸಿದ ಕಂಬಳಿ ಹಾಸಿ, ಅದರ ಮೇಲೆ ಮೆತ್ತನೆಯ ಬಟ್ಟೆ ಹರಡಿ, ಮಾನಿಟರನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಪರದೆಯ ಕೆಳಗೆ ಗುಂಡಿ, ಕೀಲಿಕೈ, ಕಡಲೆಬೀಜ ಏನೂ ಇರದಿರಲಿ. ತಟ್ಟೆ ಇಟ್ಟು ನಾಲ್ಕೂ ಸ್ಕ್ರೂಗಳನ್ನು ಬೆರಳಲ್ಲಿ ಹಿಡಿಸಿ. ಆಮೇಲೆ ಒಂದು ಮೂಲೆ, ಅದರ ಎದುರು ಮೂಲೆ, ಹೀಗೆ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕಾರಿನ ಚಕ್ರದ ಬೋಲ್ಟುಗಳನ್ನೂ ಹಾಗೇ ಬಿಗಿಯುತ್ತಾರೆ. ಒಂದನ್ನೇ ಮೊದಲು ಪೂರ್ತಿ ಬಿಗಿದರೆ ಮಿಕ್ಕ ತೂತುಗಳು ವಾರೆಯಾಗುತ್ತವೆ. ಸ್ಕ್ರೂಡ್ರೈವರ್ ಕೈಯದೇ ಸಾಕು, ಡ್ರಿಲ್ಲಿಂಗ್ ಮಷೀನಿಗೆ ಕೈಯ ವಿವೇಕ ಇರುವುದಿಲ್ಲ. ಬಿಗಿಯಾದ ಮೇಲೆ ಇನ್ನೊಂದು ಸಲ ಹಿಂಡುವ ಆಸೆ ಬೇಡ.

ಮಾನಿಟರನ್ನು ತೋಳಿಗೆ ಸಿಕ್ಕಿಸುವಾಗ ಇಬ್ಬರು ದೊಡ್ಡವರು ಇರಲಿ, ಒಬ್ಬರು ಎರಡು ಕೈಯಲ್ಲಿ ಹಿಡಿಯಲು, ಇನ್ನೊಬ್ಬರು ಭದ್ರ ಮಾಡಲು. ಸಿಕ್ಕಿಸಿದವರು ಕೂಡಲೇ ಕೈ ಬಿಡಬಾರದು. ಕೈ ಹಾಗೇ ಕೆಳಗಿಟ್ಟು, ಮಾನಿಟರ್ ನಿಂತಲ್ಲೇ ನಿಲ್ಲುವಂತೆ ಅಲೆನ್ ಕೀಯಲ್ಲಿ ಸ್ಪ್ರಿಂಗಿನ ಬಿಗಿ ಹೊಂದಿಸಿಕೊಳ್ಳಬೇಕು. ವೈರುಗಳನ್ನು ಕಟ್ಟುವ ಮುಂಚೆ ತೋಳನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಪೂರಾ ಆಡಿಸಿ, ಎಲ್ಲೂ ವೈರ್ ಎಳೆಯದಿರುವಷ್ಟು ಸಡಿಲ ಬಿಡಿ. ಒಂದು ವಾರದ ಮೇಲೆ ಸ್ಕ್ರೂಗಳನ್ನೂ ಕ್ಲಾಂಪನ್ನೂ ಇನ್ನೊಮ್ಮೆ ಮುಟ್ಟಿ ನೋಡಿ.

ಮಕ್ಕಳಿಗೆ ಇದರಲ್ಲಿ ಏನು ಕೆಲಸ? ಅಳೆಯುವುದು, ಚೀಟಿ ಬರೆಯುವುದು, ಸುತ್ತು ಎಣಿಸುವುದು, ಟಾರ್ಚ್ ಹಿಡಿಯುವುದು. ಎತ್ತುವ ಕೆಲಸ ದೊಡ್ಡವರಿಗೆ ಬಿಡಿ, ಎತ್ತಿದಾಗ ಅದರ ಕೆಳಗೆ ನಿಲ್ಲಬೇಡಿ. ಅಳತೆ ಬರೆದ ಚೀಟಿ ನಿಮ್ಮ ಕೈಯಲ್ಲೇ ಇರಲಿ. ಯಾರಾದರೂ 'ಉದ್ದ ಇದ್ದಷ್ಟೂ ಗಟ್ಟಿ' ಎಂದರೆ ಅದನ್ನು ತೋರಿಸಿ, 'ಅಣ್ಣ, ಒಳಗೆ 8 ಮಿಲಿಮೀಟರ್ ಅಷ್ಟೇ ಜಾಗ ಇರೋದು' ಎಂದು ಹೇಳಿ. ಹೇಳುವವರು ಚಿಕ್ಕವರಾದರೂ ಸ್ಕೇಲು ದೊಡ್ಡವರಿಗೂ ಅದೇ.

ಈ ವಾರದ ಲೆಕ್ಕ: ತೂತಿನ ಆಳ 8 ಮಿಲಿಮೀಟರ್, ತಳದಲ್ಲಿ 2 ಬಿಡಬೇಕು. ತಟ್ಟೆಯ ದಪ್ಪ 3, ವಾಷರ್ 1, ಸ್ಪೇಸರ್ 10. ಎಷ್ಟು ಉದ್ದದ ಸ್ಕ್ರೂ ತರಬೇಕು? ಅದು ತೂತಿನೊಳಗೆ ಎಷ್ಟು ಸುತ್ತು ಹೋಗುತ್ತದೆ? ಮೊದಲನೆಯದಕ್ಕೆ 20 ಎಂದೂ ಎರಡನೆಯದಕ್ಕೆ ಎಂಟೂವರೆ ಸುತ್ತು ಎಂದೂ ಬಂದರೆ ನೀವು ಪಾಸು. ತಾತನಿಗೂ ಕೊಟ್ಟು ನೋಡಿ, ಆದರೆ ಉತ್ತರ ಇರುವ ಈ ಸಾಲುಗಳನ್ನು ಕೈಯಿಂದ ಮುಚ್ಚಿಕೊಂಡು ಕೊಡಿ.